ಸೋಮವಾರದ ಸಾಕ್ಷಿ

ಊಟಕ್ಕೆ ಕೂತವರ ತಲೆಯ ಮೇಲಿಂದಲೇ ಸಿದ್ಧಲಿಂಗೇಶ್ ಅಳತೆಯ ಟೇಪು ಎಳೆದ.

"ಹಿಡ್ಕಾ ಜಟ್ಟಪ್ಪ, ಬಿಗಿಯಾಗಿ ಹಿಡ್ಕಾ. ಈ ಗೋಡೆ ಒಡೆದ್ರೆ ಮೂರು ಮಳಿಗೆ ಆರಾಮಾಗಿ ಬರ್ತಾವೆ. ರಸ್ತೆ ಕಡೇದು ಎಸ್‌ಟಿಡಿ ಬೂತಿಗೆ."

ಅವನ ಲಾರಿ ಡ್ರೈವರ್ ಜಟ್ಟಪ್ಪ ಆ ತುದಿಯಲ್ಲಿ ಟೇಪನ್ನು ಹೆಬ್ಬೆರಳಿನಿಂದ ಗೋಡೆಗೆ ಒತ್ತಿ ಹಿಡಿದ. ನಡುವೆ ರೊಟ್ಟಿ ಮುರಿಯುತ್ತಿದ್ದ ಇಬ್ಬರು ಬಸ್ ಕಂಡಕ್ಟರುಗಳು ತಲೆ ತಗ್ಗಿಸಿಕೊಂಡರು. ಒಬ್ಬನ ತಟ್ಟೆಗೆ ಸುಣ್ಣದ ಹಕ್ಕಳೆ ಬಿತ್ತು. ಅವನು ಅದನ್ನು ಬೆರಳಿನಿಂದ ತೆಗೆದು ಪಕ್ಕಕ್ಕಿಟ್ಟ.

ಒಲೆಯ ಮುಂದೆ ರಾಜೇಶ್ವರಮ್ಮ ರೊಟ್ಟಿ ಬಡಿಯುತ್ತಲೇ ಇದ್ದಳು. ಒಂದು ಪೆಟ್ಟೂ ತಪ್ಪಲಿಲ್ಲ.

"ಸಿದ್ಧಲಿಂಗೇಶ್, ಜನ ಊಟ ಮಾಡ್ತಾ ಇದಾರೆ" ಎಂದಳು ವಾಗ್ದೇವಿ. ದನಿ ತಾನಂದುಕೊಂಡದ್ದಕ್ಕಿಂತ ಸಣ್ಣದಾಗಿ ಬಂತು.

"ಮಾಡ್ಲಿ ಬಿಡ್ರಿ ಮೇಡಂ. ಗುರುವಾರದ ತನಕ ಮಾಡ್ಲಿ. ಆಮೇಲೆ ಎಲ್ರೂ ಬ್ಯಾರೆ ಖಾನಾವಳಿ ಹುಡುಕ್ಕಂತಾರೆ." ಅವನು ಟೇಪು ಬಿಟ್ಟ. ಅದು ಸರ್ರನೆ ಸುರುಳಿಯಾಗಿ ಅವನ ಅಂಗೈಗೆ ಬಂತು. "ನಿಮಗೂ ಅಷ್ಟೇ. ಮಹಡಿ ಮ್ಯಾಲಿನ ಮನೆ ಖಾಲಿ ಮಾಡಾಕೆ ಒಂದು ತಿಂಗಳು ಟೈಮ್ ಕೊಡ್ತೀನಿ. ಕಾಲೇಜಿನೋರು, ಪುಸ್ತಕ ಜಾಸ್ತಿ ಇರ್ತಾವೆ."

ಹೋಗುವಾಗ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದುಕೊಂಡು ತಿನ್ನುತ್ತಲೇ ಹೋದ.

ಖಾನಾವಳಿಯ ಒಡತಿ ಅಕ್ಕನಾಗಮ್ಮ ಮಣ್ಣಾಗಿ ತಿಂಗಳು ತುಂಬುವುದರೊಳಗೆ ಎಲ್ಲಿಂದಲೋ ಹೊರಬಿದ್ದಿದ್ದ ಎರಡನೆಯ ಉಯಿಲು, ಸೊಸೆ ರಾಜೇಶ್ವರಮ್ಮನಿಗೆ ಸೇರಬೇಕಾಗಿದ್ದ ಈ ಖಾನಾವಳಿಯನ್ನೂ ಬಳ್ಳಿಗಾವಿಯ ಹೊಲವನ್ನೂ ಮೈದುನನ ಮಗನಾದ ಸಿದ್ಧಲಿಂಗೇಶನ ಹೆಸರಿಗೆ ಬರೆದಿತ್ತು. ಗುರುವಾರ ಕೋರ್ಟಿನಲ್ಲಿ ಅದರ ಸಾಕ್ಷಿಗಳ ವಿಚಾರಣೆ.

ಸಾಕ್ಷಿಗಳು ಇಬ್ಬರು. ಒಬ್ಬ ಈಗಷ್ಟೇ ಟೇಪು ಹಿಡಿದಿದ್ದ ಜಟ್ಟಪ್ಪ. ಅವನ ಮಾತನ್ನು ಅವನ ಹೆಂಡತಿಯೂ ನಂಬುತ್ತಿರಲಿಲ್ಲ. ಇನ್ನೊಬ್ಬ ಬಳ್ಳಿಗಾವಿಯ ವೀರಬಸಪ್ಪ.

"ಅಲ್ಲೇ ಸಿಕ್ಕಿಹಾಕ್ಕಂಡ್ವಿ ನೋಡ್ರಿ" ಎಂದರು ಸದಾಶಿವಪ್ಪ.

ಅವರು ಅಷ್ಟು ಹೊತ್ತೂ ಮೂಲೆಯ ಬೆಂಚಿನಲ್ಲಿ ಸಿಟ್ಟಿನಿಂದ ಹೊಗೆಯಾಡುತ್ತ ಕೂತಿದ್ದರು. ಪೇಟೆಯಲ್ಲಿ ಬೆಲ್ಲದ ಅಂಗಡಿ. ಅರವತ್ತು ದಾಟಿದರೂ ಮೂಟೆ ತಾವೇ ಎತ್ತುವ ಮನುಷ್ಯ. ಅಕ್ಕನಾಗಮ್ಮ ತಮ್ಮ ಮೊದಲ ಉಯಿಲನ್ನು ನಡೆಸಿಕೊಡಲು ನೇಮಿಸಿದ್ದು ಇಬ್ಬರನ್ನು. ಒಬ್ಬರು ಇವರು, ಇನ್ನೊಬ್ಬಳು, ಮಹಡಿಯ ಮೇಲೆ ಬಾಡಿಗೆಗಿದ್ದ ಇತಿಹಾಸದ ಲೆಕ್ಚರರ್ ವಾಗ್ದೇವಿ.

"ಜಟ್ಟಪ್ಪನ್ನ ಕೋರ್ಟಿನಾಗೆ ಬಗ್ಗುಬಡೀಬಹುದು. ವೀರಬಸಪ್ಪನ್ನ ಏನು ಮಾಡ್ತೀರಿ? ಸುತ್ತ ಹತ್ತು ಹಳ್ಳಿ ಪಂಚಾಯ್ತಿ ಅವನ ಒಂದು ಮಾತಿಗೆ ನಿಲ್ತೈತೆ. ಅವನೇ ಸಹಿ ಹಾಕೀನಿ ಅಂದ ಮ್ಯಾಲೆ ಆತಲ್ಲ. ಮುದುಕಿ ಕೊನೇಗಾಲದಾಗೆ ಮನಸ್ಸು ಬದಲಾಯಿಸ್ಯಾಳೆ. ನನ್ನ ಹೆಸರು ತೆಗೀರಿ ಮೇಡಂ. ನಾನು ಒಲ್ಲೆ ಈ ಉಸಾಬರಿ."

"ಹೆಸರು ತೆಗೆಯೋಕೆ ಬರೋದಿಲ್ಲ" ಎಂದಳು ವಾಗ್ದೇವಿ. "ಹಾಕಿದವರು ಇಲ್ಲವಲ್ಲ."



ಮೂರು ವರ್ಷದ ಹಿಂದಿನ ಆ ದಿನ ವಾಗ್ದೇವಿಯ ಕಣ್ಣಮುಂದೆ ಹಾದುಹೋಯಿತು. ಉಯಿಲು ಬರೆಸಲು ಅಕ್ಕನಾಗಮ್ಮ ಇಬ್ಬರನ್ನೂ ಸೊರಬದ ಬಸ್ಸು ಹತ್ತಿಸಿಕೊಂಡು ಹೋಗಿದ್ದರು. ಶಿಕಾರಿಪುರದಲ್ಲಿ ವಕೀಲರಿಲ್ಲವೇ ಎಂದು ಕೇಳಿದ್ದಕ್ಕೆ, "ಅದಾರೆ. ನಾನು ಬರೆಸಿ ಮನೆಗೆ ಬರೋದ್ರೊಳಗೆ ಸುದ್ದಿ ನನ್ನ ಒಲೆ ಮ್ಯಾಲೆ ಕುದೀತಿರ್ತೈತೆ" ಅಂದಿದ್ದರು.

ಸೊರಬದ ವಕೀಲರಾದ ಉಮಾಮಹೇಶ್ವರ ಕನ್ನಡಕ ಮೇಲೇರಿಸಿ ಕೇಳಿದ್ದರು: "ನಡೆಸ್ಲಿಕ್ಕೆ ಒಬ್ರು ಸಾಕಲ್ದಾ ಅಮ್ಮ? ಇಬ್ರನ್ನ ಹಾಕಿದ್ರೆ ಜಗಳ ಆಗ್ತದೆ ಮಾರಾಯ್ರೆ."

"ಆಗ್ಲಿ ಅಂತಾನೇ ಇಬ್ರು. ಜಗಳ ಆಡೋರು ಸೇರಿ ಕದಿಯಲ್ಲ." ಮುದುಕಿ ಬೆರಳು ತೋರಿಸಿ ಹೇಳಿದ್ದರು, "ಇವನಿಗೆ ಧೈರ್ಯ ಐತೆ, ತಾಳ್ಮೆ ಇಲ್ಲ. ಇವಳಿಗೆ ತಾಳ್ಮೆ ಐತೆ, ಧೈರ್ಯ ಇಲ್ಲ. ಎರಡನ್ನೂ ಸೇರಿಸಿ ಒಂದು ಪೂರ್ತಿ ಮನುಷ್ಯ ಅಂತ ಬರ್ಕಳ್ರಿ."

ಸದಾಶಿವಪ್ಪ ಹೊಟ್ಟೆ ಹಿಡಿದು ನಕ್ಕಿದ್ದರು. ವಾಗ್ದೇವಿಗೆ ನಗು ಬಂದಿರಲಿಲ್ಲ. "ನನಗೆ ಇದೆಲ್ಲ ಭಯ ಅಮ್ಮ. ಬೀಗ ಹಾಕಿ ಮೂರು ಸಲ ಎಳೆದು ನೋಡೋಳು ನಾನು."

"ಅದಕ್ಕೇ ನೀನು ಬೇಕು. ಧೈರ್ಯ ಇರೋರು ಒಂದೇ ಸಲ ನೋಡ್ತಾರೆ."

ಈಗ ಅವಳು ವೀರಬಸಪ್ಪನ ಪ್ರಮಾಣಪತ್ರವನ್ನು ಮತ್ತೆ ಕೈಗೆತ್ತಿಕೊಂಡಳು. ಕೋರ್ಟಿನಿಂದ ಬೆಳಗ್ಗೆ ತಂದ ನಕಲು. ಮೂರನೆಯ ಸಲ ಓದುತ್ತಿದ್ದಳು.

"8-7-1996ರಂದು ಬಳ್ಳಿಗಾವಿಯ ಹೊಲದಲ್ಲಿ ನಾನು ಎತ್ತು ಹೂಡಿ ಉಳುತ್ತಿರುವಾಗ್ಗೆ ಅಕ್ಕನಾಗಮ್ಮನವರು ಸಿದ್ಧಲಿಂಗೇಶರ ಕಾರಿನಲ್ಲಿ ಬಂದು ನನ್ನನ್ನು ಕರೆದರು. ನಾನು ಎತ್ತುಗಳನ್ನು ನಿಲ್ಲಿಸಿ, ಕೈಕಾಲು ತೊಳೆದುಕೊಂಡು ಬಂದೆ. ಅವರು ನನ್ನ ಕಣ್ಣೆದುರಿಗೆ ಸಹಿ ಮಾಡಿದರು."

ಆ ದಿನ ಅಕ್ಕನಾಗಮ್ಮ ಸಿದ್ಧಲಿಂಗೇಶನ ಕಾರಿನಲ್ಲಿ ಬಳ್ಳಿಗಾವಿಗೆ ಹೋಗಿದ್ದಂತೂ ನಿಜ. ಕಾರು ಹತ್ತುವುದನ್ನು ವಾಗ್ದೇವಿಯೇ ಮಹಡಿಯ ಕಿಟಕಿಯಿಂದ ನೋಡಿದ್ದಳು. ಅಷ್ಟರಮಟ್ಟಿಗೆ ಹೆಣಿಗೆ ಬಿಗಿಯಾಗಿತ್ತು.

"ಎಷ್ಟು ಸಲ ಓದಿದ್ರೂ ಅಕ್ಷರ ಬದಲಾಗಲ್ಲ ಮೇಡಂ" ಎಂದು ಸದಾಶಿವಪ್ಪ ಎದ್ದರು. "ನಾನು ಅಂಗಡಿಗೆ ಹೋಗ್ತೀನಿ. ಇಪ್ಪತ್ತು ಮೂಟೆ ಬೆಲ್ಲ ಮಂಡಿಯಾಗೇ ಕೂತೈತೆ. ಟೆಂಪೋದೋನು ಕೈ ಕೊಟ್ಟ. ಮನೆ ಬಂಡಿನಾದ್ರೂ ಹೂಡಾಣ ಅಂದ್ರೆ ಇವತ್ತು ಸೋಮವಾರ."

ವಾಗ್ದೇವಿ ಕಾಗದದಿಂದ ತಲೆಯೆತ್ತಿದಳು.

"ಸೋಮವಾರ ಆದರೆ?"

"ಏನ್ರಿ ಮೇಡಂ, ಹನ್ನೊಂದು ವರ್ಷ ಆತು ನಮ್ಮೂರಿಗೆ ಬಂದು! ಸೋಮವಾರ ಎತ್ತಿನ ಹೆಗಲ ಮ್ಯಾಲೆ ನೊಗ ಇಡ್ತಾರೇನ್ರಿ? ಬಸವಣ್ಣನ ವಾರ. ನಮ್ಮಪ್ಪ ಸ್ವಂತ ಮಗಳ ದಿಬ್ಬಣಕ್ಕೂ ಸೋಮವಾರ ಬಂಡಿ ಹೂಡಿರ್ಲಿಲ್ಲ. ಎಲ್ರನ್ನೂ ನಡೆಸಿಕೊಂಡು ಹೋದ."

ಅವಳು ಎದ್ದು ಗೋಡೆಯ ಬಳಿಗೆ ಹೋದಳು. ರಾಜೇಶ್ವರಮ್ಮ ಹಾಲಿನ ಗುರುತು ಹಾಕುವ ಕ್ಯಾಲೆಂಡರು. ಆಗಸ್ಟಿನ ಹಾಳೆಯ ಹಿಂದಕ್ಕೆ ಮಡಚಿದ್ದ ಜುಲೈಯನ್ನು ತಿರುಗಿಸಿ ನೋಡಿದಳು. ಎಂಟನೆಯ ತಾರೀಕಿನ ಮೇಲೆ ಬೆರಳಿಟ್ಟು, ಬೆರಳನ್ನು ಹಾಗೆಯೇ ಸಾಲಿನ ತಲೆಯವರೆಗೂ ಜರುಗಿಸಿದಳು. ಸಾಲದೆ, ಕೈಚೀಲದಿಂದ ತನ್ನ ಪುಟ್ಟ ಡೈರಿ ತೆಗೆದು ಅದರಲ್ಲೂ ನೋಡಿದಳು.

"ಸದಾಶಿವಪ್ಪನವರೇ, ವೀರಬಸಪ್ಪ ಆಚಾರವಂತನೇ?"

"ಅಲ್ದೇ ಏನು? ಲಿಂಗಪೂಜೆ ಆಗ್ದೆ ಒಂದು ತೊಟ್ಟು ನೀರು ಕುಡಿಯಲ್ಲ."

"ಹಾಗಾದರೆ ಜುಲೈ ಎಂಟನೇ ತಾರೀಕು, ಸೋಮವಾರ, ಎತ್ತು ಹೂಡಿ ಎಂತ ಉಳುತ್ತಿದ್ದ?"

ಸದಾಶಿವಪ್ಪ ಒಂದು ಕಾಲು ಹೊಸ್ತಿಲಾಚೆ ಇಟ್ಟಿದ್ದರು. ಅದನ್ನು ಹಾಗೆಯೇ ಹಿಂದಕ್ಕೆ ತೆಗೆದುಕೊಂಡರು. ಕಾಗದ ಕಿತ್ತುಕೊಂಡು, ತುಟಿ ಆಡಿಸುತ್ತ ಓದಿದರು. ಕ್ಯಾಲೆಂಡರು ನೋಡಿದರು. ಮತ್ತೆ ಕಾಗದ.

"ಥೂ ನನ್ನ! ನಾನೂ ಓದೀನಲ್ರಿ ಇದನ್ನ ಬೆಳಗ್ಗೆ! ತಾರೀಕು ಓದಿದೆ, ವಾರ ನೋಡ್ಲಿಲ್ಲ." ತೊಡೆ ತಟ್ಟಿಕೊಂಡರು. "ಸುಳ್ಳು ಹೇಳ್ಸ್ಯಾನೆ ಮಗ! ಎತ್ತಿನ ಬಾಲ ಹಿಡೀದ ನನ್ನ ಮಗ ಬರೆಸಿದ ಸುಳ್ಳು ಇದು. ಹೊಲದ ಮುಖ ನೋಡಿದ್ರೆ ತಾನೇ?"

ಕಂಡಕ್ಟರುಗಳು ಇತ್ತ ತಿರುಗಿದರು. ವಾಗ್ದೇವಿ ಕೈಸನ್ನೆ ಮಾಡಿ ಸದಾಶಿವಪ್ಪನವರ ದನಿ ತಗ್ಗಿಸಿದಳು. ನಂತರ ಒಲೆಯ ಕಡೆ ನೋಡಿದಳು. ಈ ಮಾತು ಮೊದಲು ಮುಟ್ಟಬೇಕಾದದ್ದು ಅಲ್ಲಿಗೆ. ಗಂಡ ಹೋದ ಮೇಲೂ ತವರಿಗೆ ತಿರುಗಿ ನೋಡದೆ, ಅತ್ತೆಯ ಜೊತೆ ಈ ಹೊಗೆಯಲ್ಲೇ ಬದುಕು ಸವೆಸಿದವಳು. ಖಾನಾವಳಿ ಹೋದರೆ ಅವಳಿಗೆ ತಲೆಯ ಮೇಲಿನ ಸೂರೂ ಹೋಯಿತು, ಕೈಯ ಕಸುಬೂ ಹೋಯಿತು.

ರಾಜೇಶ್ವರಮ್ಮ ಹಂಚಿನ ಮೇಲಿನ ರೊಟ್ಟಿಯನ್ನು ಒದ್ದೆ ಬಟ್ಟೆಯಿಂದ ಒತ್ತಿ ತಿರುವಿ ಹಾಕಿದಳು. ಅವಳ ಮುಖದಲ್ಲಿ ಸಂತೋಷವಿರಲಿಲ್ಲ. ಆಶ್ಚರ್ಯವೂ ಇರಲಿಲ್ಲ.

"ಎರಡು ಬಿಸಿ ರೊಟ್ಟಿ ತಿನ್ಕಂಡು ಹೋಗ್ರಿ ಮೇಡಂ" ಎಂದಳು. "ಅಷ್ಟು ದೂರ ಖಾಲಿ ಹೊಟ್ಟೇಲಿ ಹೋಗಬ್ಯಾಡ್ರಿ."

ತಾನು ಎಲ್ಲಿಗೂ ಹೋಗುತ್ತೇನೆಂದು ಇನ್ನೂ ಹೇಳಿಲ್ಲವಲ್ಲ ಎಂದು ವಾಗ್ದೇವಿಗೆ ಅನ್ನಿಸಿತು. ಆದರೆ ಅಷ್ಟರಲ್ಲಿ ತಟ್ಟೆ ಮುಂದೆ ಬಂದಿತ್ತು. ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಮೇಲೊಂದು ಬೆಣ್ಣೆಯ ಮುದ್ದೆ. ರಾಜೇಶ್ವರಮ್ಮ ಪಕ್ಕದಲ್ಲೇ ನಿಂತು, ತಿಂದು ಮುಗಿಯುವವರೆಗೂ ಕದಲಲಿಲ್ಲ.

* * *

ಶಿರಾಳಕೊಪ್ಪದವರೆಗೆ ಬಸ್ಸು. ಅಲ್ಲಿಂದ ಆಟೊ. ದಾರಿಯುದ್ದಕ್ಕೂ ಸದಾಶಿವಪ್ಪ ಗುರುವಾರದ ಕೋರ್ಟನ್ನು ಆಡಿ ತೋರಿಸಿದರು. ಜಡ್ಜೂ ಅವರೇ, ವಕೀಲರೂ ಅವರೇ, ಬೋನಿನಲ್ಲಿ ಬೆವರುವ ಸಿದ್ಧಲಿಂಗೇಶನೂ ಅವರೇ.

ಬಳ್ಳಿಗಾವಿಯ ಗುಡಿಯ ಮುಂದೆ ಆಟೊ ಇಳಿದಾಗ ವಾಗ್ದೇವಿ ಹೇಳಿದಳು: "ನೀವು ಇಲ್ಲೇ ಕಟ್ಟೆ ಮೇಲೆ ಕೂತಿರಿ. ನಾನೊಬ್ಬಳೇ ಹೋಗ್ತೇನೆ."

"ಒಬ್ಬರೇ? ನೀವಾ? ಹಲ್ಲಿ ಲೊಚಗುಟ್ಟಿದ್ರೆ ಬೆಚ್ಚಿಬೀಳ್ತೀರಿ."

"ಬೆಚ್ಚಿಬೀಳ್ತೇನೆ. ಆದರೆ ಅವನು ಬೆಚ್ಚಬಾರದು. ನೀವು ಬಂದರೆ ಮೊದಲನೇ ಮಾತಿಗೇ ಬೈತೀರಿ. ಅವನು ಬಾಯಿ ಮುಚ್ಚಿಕೊಳ್ತಾನೆ."

"ನಾನು ಬಾಯಿ ಹೊಲ್ಕಂಡಿರ್ತೀನಿ."

"ನಿಮ್ಮ ಬಾಯಿ ಹೊಲಿಯೋಕೆ ಗೋಣಿ ದಬ್ಬಣವೇ ಬೇಕು. ಇಲ್ಲಿ ಎಲ್ಲಿ ಸಿಗತ್ತೆ?"

ಸದಾಶಿವಪ್ಪ ನಗಬೇಕೋ ಮುನಿಯಬೇಕೋ ತಿಳಿಯದೆ ಕಟ್ಟೆ ಹತ್ತಿ ಕೂತರು.

ವೀರಬಸಪ್ಪನ ಮನೆ ಗುಡಿಯ ಹಿಂದಿನ ಓಣಿಯ ಕೊನೆಯಲ್ಲಿತ್ತು. ಅಂಗಳದಲ್ಲಿ ಜೋಡಿ ಎತ್ತು. ಮೈ ತೊಳೆದಿತ್ತು, ಹಣೆಯಲ್ಲಿ ವಿಭೂತಿ ಬಳಿದಿತ್ತು. ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿದ್ದವು. ನೊಗ ಗೋಡೆಗೆ ಒರಗಿತ್ತು. ಬಾಗಿಲ ಪಕ್ಕ ಯಾವುದೋ ಕಾಲದ ಕೆತ್ತನೆಯ ಕಲ್ಲೊಂದು ಬೋರಲು ಬಿದ್ದಿತ್ತು. ಅದರ ಮೇಲೆ ಕೂತು ವೀರಬಸಪ್ಪ ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದ. ತೆಳ್ಳನೆಯ, ಎತ್ತರದ ಆಳು. ಅಕ್ಕನಾಗಮ್ಮನ ಹೊಲವನ್ನು ಅವರ ಗಂಡನ ಕಾಲದಿಂದಲೂ ಮಾಡುತ್ತಿದ್ದವನು.

"ಬರ್ರಿ ಮೇಡಂ" ಎಂದು ಎದ್ದು ಕಂಬಳಿ ಹಾಸಿದ. ಒಳಗೆ ಕೂಗಿ ನೀರು, ಬೆಲ್ಲ ತರಿಸಿದ. ಬಂದ ಕೆಲಸವೇನೆಂದು ಕೇಳಲಿಲ್ಲ.

ವಾಗ್ದೇವಿ ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಲೋಟವನ್ನು ಕಂಬಳಿಯ ಪಕ್ಕಕ್ಕಿಟ್ಟಳು.

"ಇವತ್ತು ಹೊಲದ ಕೆಲಸ ಇರಲಿಲ್ವಾ?"

"ಕೆಲಸ ಯಾವತ್ತಿಲ್ಲ? ವಾರ ಅಲ್ರಿ ಇವತ್ತು."

"ಮಳೆ ಬರೋ ಹಾಗಿದ್ದರೂ, ಹದ ತಪ್ಪೋ ಹಾಗಿದ್ದರೂ ಹೂಡೋದಿಲ್ವಾ?"

"ಅವಸರ ನಮಗ್ರಿ. ಅವಕ್ಕೇನು ಅವಸರ?" ವೀರಬಸಪ್ಪ ಎತ್ತುಗಳ ಕಡೆ ನೋಡಿ ನಕ್ಕ. "ನಮ್ಮ ಮನೆಯಾಗೆ ನಾನು ಕಂಡಂಗೆ ಯಾರೂ ಹೂಡಿಲ್ಲ."

ವಾಗ್ದೇವಿ ಕೈಚೀಲದಿಂದ ಕಾಗದ ತೆಗೆದಳು. ಅವಸರ ಮಾಡದೆ, ತರಗತಿಯಲ್ಲಿ ಓದುವ ಹಾಗೆ, ತಾರೀಕಿನಿಂದ ಹಿಡಿದು ಕೈಕಾಲು ತೊಳೆದುಕೊಂಡದ್ದರವರೆಗೂ ಓದಿದಳು. ನಂತರ ಮಡಚಿ ತೊಡೆಯ ಮೇಲಿಟ್ಟುಕೊಂಡಳು.

"ಅವತ್ತು ಸೋಮವಾರ."

ಹಗ್ಗ ಹೊಸೆಯುತ್ತಿದ್ದ ಕೈ ನಿಂತಿತು. ಮತ್ತೆ ಹೊಸೆಯತೊಡಗಿತು.

"ವಕೀಲ್ರು ತಪ್ಪು ಬರ್ಕಂಡಿರಬೇಕು."

"ಯಾವುದು ತಪ್ಪು? ತಾರೀಕೋ, ಎತ್ತೋ?"

ಅವನು ಹಗ್ಗದ ಎಳೆಯೊಂದನ್ನು ಬಿಡಿಸಿ ಮತ್ತೆ ಹೊಸೆದ.

"ತಾರೀಕು ತಪ್ಪು ಅಂದರೆ ಬೇರೆ ಯಾವ ದಿನವೂ ಅಮ್ಮ ಇಲ್ಲಿಗೆ ಬಂದಿಲ್ಲ. ಎತ್ತು ತಪ್ಪು ಅಂದರೆ ನೀವು ಹೊಲದಲ್ಲಿ ಇರಲಿಲ್ಲ. ಎರಡರಲ್ಲಿ ಒಂದು ಹೇಳಿ ವೀರಬಸಪ್ಪ. ನಾನು ಕೇಳಿ ಎದ್ದು ಹೋಗ್ತೇನೆ."

"ಮೇಡಂ, ನೀವು ಓದಿದೋರು. ಈ ಗೊಬ್ಬರದಾಗೆ ಕೈ ಹಾಕಬ್ಯಾಡ್ರಿ."

"ನನಗೂ ಇಷ್ಟ ಇಲ್ಲ. ರಾತ್ರಿ ನಿದ್ದೆ ಬರ್ತಾ ಇಲ್ಲ. ದಾರೀಲಿ ಸಿದ್ಧಲಿಂಗೇಶನ ಕಾರು ಕಂಡರೆ ಅಂಗಡಿಯೊಳಗೆ ನುಗ್ಗಿ ನಿಲ್ತೇನೆ." ಅವಳು ಹೇಳುತ್ತಲೇ ಹೋದಳು. "ಆದರೆ ಅಮ್ಮ ಈ ಕೆಲಸ ನನ್ನ ಕೈಗೆ ಕೊಟ್ಟು ಹೋಗಿದಾರೆ. ನಾನು ಬಿಡೋದಿಲ್ಲ. ಗುರುವಾರ ಕೋರ್ಟಿನಲ್ಲಿ ಇದೇ ಪ್ರಶ್ನೆ ಕೇಳಿಸ್ತೇನೆ. ಊರೆಲ್ಲ ಕೇಳೋ ಹಾಗೆ. ಅಲ್ಲಿ ಹೇಳೋದಕ್ಕಿಂತ ನಿಮ್ಮ ಅಂಗಳದಲ್ಲಿ ಹೇಳೋದು ಮೇಲಲ್ವಾ?"

ವೀರಬಸಪ್ಪ ಹಗ್ಗವನ್ನು ಕೆಳಗಿಟ್ಟ.

"ಅವತ್ತು ಅಕ್ಕನಾಗವ್ವ ಗುಡಿಗೆ ಬಂದಿದ್ಲು" ಎಂದ. "ಪೂಜೆ ಮಾಡಿಸಿ ಇಲ್ಲಿಗೂ ಬಂದು, ನೀವು ಕೂತಲ್ಲೇ ಕೂತಿದ್ಲು. ಎತ್ತಿನ ಮೈ ದಡವಿ, ಬಾಳೆಹಣ್ಣು ತಿನ್ನಿಸಿ ಹೋದ್ಲು. ಕಾಗದ ಇಲ್ಲ, ಸಹಿ ಇಲ್ಲ, ಏನೂ ಇಲ್ಲ."

ವಾಗ್ದೇವಿ ಕಣ್ಣು ಮುಚ್ಚಿ ತೆರೆದಳು. ಬಿತ್ತು. ಎರಡನೆಯ ಉಯಿಲು ಬಿತ್ತು.

"ಹಾಗಾದರೆ ಇಷ್ಟು ದೊಡ್ಡ ಸುಳ್ಳಿಗೆ ಸಹಿ ಯಾಕೆ ಹಾಕಿದ್ರಿ? ನಿಮ್ಮಂಥವರು?"

"ಕಾಗದಕ್ಕೆ ಹಾಕೀನಿ ಮೇಡಂ. ಲಿಂಗ ಹಿಡ್ದು ಹೇಳಿಲ್ಲ." ಅವನು ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದ. "ಇಷ್ಟು ವರ್ಷ ಪಂಚಾಯ್ತಿಯಾಗೆ ಜನ ನನ್ನ ಮಾತು ನಂಬ್ಯಾರೆ ಅಂದ್ರೆ, ಲಿಂಗ ಹಿಡ್ದು ಹೇಳೀನಿ ಅಂತ. ಕಾಗದದ ಮ್ಯಾಲೆ ಸರ್ಕಾರದೋರು ಬರೀತಾರೆ, ಬಡ್ಡಿ ಸಾಹುಕಾರ್ರು ಬರೀತಾರೆ. ಅದರಾಗೆ ನಿಜ ಇರ್ಬೇಕು ಅಂತ ಎಲ್ಲೈತೆ?"

ವೀರಬಸಪ್ಪನ ಸಹಿ ಇದೆಯೆಂದು ಇಡೀ ಶಿಕಾರಿಪುರ ನಂಬಿ ಕೂತಿತ್ತು. ಅವನ ಸತ್ಯ ಇರುವುದು ಎಲ್ಲಿ ಎಂದು ಯಾರೂ ವಿಚಾರಿಸಿರಲಿಲ್ಲ.

"ಏನೇ ಆಗಲಿ, ಸಿದ್ಧಲಿಂಗೇಶ್ ಒಂದು ತಪ್ಪು ಮಾಡಿದ" ಎಂದಳು ಕಾಗದವನ್ನು ಚೀಲದೊಳಗೆ ಸೇರಿಸುತ್ತ. "ಸೋಮವಾರ ಅನ್ನೋದನ್ನ ನೋಡದೆ ಎತ್ತಿನ ಕತೆ ಕಟ್ಟಿದ."

"ಸಿದ್ಲಿಂಗ ಕಟ್ಟಿದ್ದಲ್ಲ."

ಅವಳ ಕೈ ಚೀಲದೊಳಗೇ ಉಳಿಯಿತು.

"ಅವನು ಬರೀ ತಾರೀಕು ಹೇಳಿದ. ಏನು ಕೆಲಸ ಮಾಡ್ತಿದ್ದೆ ಅಂತ ವಕೀಲ್ರು ಕೇಳ್ತಾರೆ, ಯೋಚಿಸಿಟ್ಕಾ ಅಂದ. ಎತ್ತು ಹೂಡಿದ್ದೆ ಅನ್ನು ಅಂತ ಹೇಳ್ಕೊಟ್ಟೋರು ಬ್ಯಾರೆ. ನಾನೂ ಅಂದೆ, ಅವ್ವಾ, ಅವತ್ತು ಸೋಮವಾರ, ನಮ್ಮೋರು ಯಾರು ಕೇಳಿದ್ರೂ ಸುಳ್ಳು ಅಂತಾರೆ ಅಂತ. ಅದಕ್ಕೇ ಹಂಗೇ ಹೇಳು ಅಂದ್ಲು."

"ಯಾರು?"

ವೀರಬಸಪ್ಪ ತಲೆಯಾಡಿಸಿದ. "ಮಾತು ಕೊಟ್ಟೀನಿ."

"ಲಿಂಗ ಹಿಡಿದು ಕೊಟ್ರಾ?"

ಅವನು ಅವಳ ಮುಖ ನೋಡಿದ. ಆ ಪ್ರಶ್ನೆಯನ್ನು ಅವನು ನಿರೀಕ್ಷಿಸಿರಲಿಲ್ಲ.

"ಇಲ್ಲ. ಬಾಯಿ ಮಾತು."

"ಹಾಗಾದರೆ ಈಗ ಹಿಡಿದುಕೊಳ್ಳಿ. ಹಿಡಿದು ನನಗೆ ಹೇಳಿ."

ಹೇಳಿದ ಮೇಲೆ ಅವಳಿಗೇ ದಿಗಿಲಾಯಿತು. ಮನೆಯ ಬಾಡಿಗೆ ರಸೀದಿಯನ್ನೂ ಎರಡು ಸಲ ಯೋಚಿಸಿ ಕೇಳುವವಳು, ಅಪ್ಪನ ವಯಸ್ಸಿನ ಒಬ್ಬ ಮನುಷ್ಯನಿಗೆ ಆಣೆಯಿಡು ಎಂದು ಅಪ್ಪಣೆ ಮಾಡಿದ್ದಳು. ಕೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ವೀರಬಸಪ್ಪ ಒಮ್ಮೆ ಎತ್ತುಗಳ ಕಡೆ ನೋಡಿದ. ಆಮೇಲೆ ಎದ್ದು ಹಂಡೆಯ ನೀರಿನಲ್ಲಿ ಕೈ ತೊಳೆದ. ಎದೆಯ ಮೇಲಿನ ವಸ್ತ್ರದ ಗಂಟು ಬಿಚ್ಚಿ ಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡ. ಅವನ ಬೆನ್ನು ನೆಟ್ಟಗಾಯಿತು. ಮಾತೂ ಬದಲಾಯಿತು, ನಿಧಾನವಾಯಿತು.

"ರಾಜೇಶ್ವರಿ."

ವಾಗ್ದೇವಿ ತಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಅನುಮಾನಿಸುವಷ್ಟರಲ್ಲಿ ಅವನು ಮುಂದುವರಿಸಿದ.

"ಹೇಳ್ಕೊಟ್ಟೋಳು ಅವಳು. ಆ ಉಯಿಲಿನ ಮ್ಯಾಲೆ ಅಕ್ಕನಾಗವ್ವನ ಸಹಿ ಹಾಕಿದೋಳೂ ಅವಳೇ. ಅವ್ವ ಮಣ್ಣಾದ ವಾರಕ್ಕೆ, ಸಿದ್ಲಿಂಗನ ಮನೇಲಿ, ನನ್ನ ಕಣ್ಣೆದುರಿಗೆ. ಅವ್ವಂಗೆ ಕಣ್ಣು ಮಂಜಾದ ಮ್ಯಾಲೆ ಪೋಸ್ಟಿಗೆ, ಸೊಸೈಟಿಗೆ ಎಲ್ಲಾ ಇವಳೇ ಹಾಕ್ತಿದ್ಲಂತೆ. ಕೈ ಒಂಚೂರೂ ತಡವರಿಸ್ಲಿಲ್ಲ. ಸಿದ್ಲಿಂಗ ಬಾಗಿಲಾಗೆ ನಿಂತಿದ್ದ. ಜಟ್ಟಪ್ಪ ಕ್ಯಾಮೆರಾ ಹಿಡ್ಕಂಡು ಅವಳು ಬರೆಯೋದನ್ನ ಫೋಟೋ ಹೊಡೆದ."

"ತನ್ನ ಖಾನಾವಳಿಯನ್ನ ತಾನೇ..." ವಾಗ್ದೇವಿ ಚೀಲ ಕೆಳಗಿಟ್ಟಳು. "ಯಾಕೆ? ಎಂತಕ್ಕೆ?"

"ಅದು ನನಗೆ ಗೊತ್ತಿಲ್ಲ. ಲಿಂಗ ಕೈಯಾಗೈತೆ, ಸುಳ್ಳು ಹೇಳಲ್ಲ. ಯಾವುದಕ್ಕೋ ಹೆದರ್ಯಾಳೆ. ಜೀವಕ್ಕಿಂತ ದೊಡ್ಡದು ಯಾವುದೋ ಅವನ ಕೈಯಾಗೆ ಸಿಕ್ಕೈತೆ. ಹೊರಗೆ ಬಂದು ನನ್ನ ಕಾಲು ಹಿಡ್ಕಂಡ್ಲು. 'ವೀರಣ್ಣ, ಎದುರು ಮಾತಾಡೋ ಹಂಗಿಲ್ಲ ನಾನು. ನೀನು ಎತ್ತು ಹೂಡಿದ್ದೆ ಅಂತ ಹೇಳು. ಮಹಡಿ ಮ್ಯಾಲೆ ಎಲ್ಲಾನೂ ಮೂರು ಸಲ ಓದೋರು ಒಬ್ರು ಅದಾರೆ, ಅವರು ಹಿಡೀತಾರೆ' ಅಂದ್ಲು."

ಓಣಿಯಲ್ಲಿ ಯಾರದೋ ಸೈಕಲ್ಲು ಗಂಟೆ ಬಾರಿಸಿಕೊಂಡು ಹೋಯಿತು. ವಾಗ್ದೇವಿಯ ತಲೆ ಒಂದೊಂದೇ ಹೆಜ್ಜೆ ಮುಂದಿಡುತ್ತಿತ್ತು. ಗುರುವಾರ ವೀರಬಸಪ್ಪ ನಿಜ ಹೇಳಿದರೆ ಉಯಿಲು ಸುಳ್ಳಾಗುತ್ತದೆ, ಖಾನಾವಳಿ ಉಳಿಯುತ್ತದೆ. ಆದರೆ ಜಡ್ಜು ಅಲ್ಲಿಗೇ ನಿಲ್ಲಿಸುವುದಿಲ್ಲ. ಹಾಗಾದರೆ ಈ ಸಹಿ ಯಾರದು ಎಂದು ಕೇಳಿಯೇ ಕೇಳುತ್ತಾರೆ. ಸಿದ್ಧಲಿಂಗೇಶ್ ಕಿಸೆಯಿಂದ ಫೋಟೋ ತೆಗೆಯುತ್ತಾನೆ. ಸಹಿ ಹಾಕಿದ ಕೈ ಇವಳದು, ನನ್ನದಲ್ಲ ಅನ್ನುತ್ತಾನೆ. ಖಾನಾವಳಿ ಉಳಿಯುತ್ತದೆ, ರಾಜೇಶ್ವರಮ್ಮ ಜೈಲಿಗೆ ಹೋಗುತ್ತಾಳೆ.

ವೀರಬಸಪ್ಪ ಸುಮ್ಮನಿದ್ದರೆ ಅವಳು ಉಳಿಯುತ್ತಾಳೆ. ಬೀದಿಯಲ್ಲಿ.

"ಗುರುವಾರ ಏನಂತ ಹೇಳ್ಲಿ ಮೇಡಂ?" ಲಿಂಗ ಇನ್ನೂ ಅವನ ಅಂಗೈ ಮೇಲಿತ್ತು. "ಬೋನಿನಾಗೆ ನಾನು ಇದನ್ನ ಹಿಡ್ದೇ ನಿಲ್ಲೋದು. ಅರ್ಧ ನಿಜ ಹೇಳಾಕೆ ನನಗೆ ಬರಲ್ಲ."

ವಾಗ್ದೇವಿ ಎದ್ದು ನಿಂತಳು.

"ಪೂರ್ತಿ ಹೇಳಿ. ಆದರೆ ಅದಕ್ಕೆ ಮೊದಲು, ಅವನ ಕೈಯಲ್ಲಿ ಸಿಕ್ಕಿರೋದು ಏನು ಅನ್ನೋದನ್ನ ನಾನು ಅವಳ ಬಾಯಿಂದ ಕೇಳ್ತೇನೆ. ಬೆದರಿಸಿ ಹಾಕಿಸಿದ ಸಹಿ ಅಂತ ತೋರಿಸಿದರೆ ಬೋನಿಗೆ ಹತ್ತೋನು ಅವನು, ಇವಳಲ್ಲ. ಇವತ್ತು ರಾತ್ರಿಯೊಳಗೆ ಕೇಳ್ತೇನೆ. ಅವಳು ಹೇಳೋವರೆಗೂ ಒಲೆ ಮುಂದಿಂದ ಏಳೋದಿಲ್ಲ."

ವೀರಬಸಪ್ಪ ಲಿಂಗವನ್ನು ಕಣ್ಣಿಗೊತ್ತಿಕೊಂಡು ಮತ್ತೆ ವಸ್ತ್ರದಲ್ಲಿ ಸುತ್ತಿದ. ಗಂಟು ಹಾಕುತ್ತ, ಅವಳ ಕಡೆ ನೋಡದೆ ಹೇಳಿದ:

"ಒಲೆ ಮುಂದೆ ಅವಳು ಇರಲ್ಲ ಮೇಡಂ."

"ಅಂದರೆ?"

"ಸೋಮವಾರದ ಗುಟ್ಟು ಹಿಡ್ದು ಮೇಡಂ ಯಾವತ್ತು ಬಳ್ಳಿಗಾವಿಗೆ ಹೊರಡ್ತಾರೋ, ಅವತ್ತೇ ಊರು ಬಿಡ್ತೀನಿ ಅಂದಿದ್ಲು. ಅವರಿಗೆ ಊಟ ಹಾಕಿ ಕಳ್ಸಿ, ಸೊರಬದ ಮ್ಯಾಲೆ ಹೋಗೋ ಜಡೆ ಊರಿನ ಬಸ್ಸು ಹತ್ತತೀನಿ, ಆಮೇಲೆ ನನ್ನ ಹುಡುಕಬ್ಯಾಡ್ರಿ ಅಂತ."

ಓಣಿಯ ತಿರುವಿನಲ್ಲಿ ಸದಾಶಿವಪ್ಪ ಕಾಣಿಸಿಕೊಂಡರು. ಕಟ್ಟೆಯ ಮೇಲೆ ಕೂರಲಾರದೆ ಪಂಚೆ ಎತ್ತಿ ಕಟ್ಟಿ ಬಿರಬಿರನೆ ಬರುತ್ತಿದ್ದರು. ಅಲ್ಲಿಂದಲೇ ಕೂಗಿದರು: "ಏನಾತ್ರಿ ಮೇಡಂ? ಒಪ್ಪಿದ್ನಾ? ಗೆದ್ವಾ?"

"ಗೆದ್ವಿ" ಎಂದಳು ವಾಗ್ದೇವಿ. ಅಷ್ಟರಲ್ಲಾಗಲೇ ಅವರನ್ನು ದಾಟಿ ರಸ್ತೆಯ ಕಡೆ ಓಡುತ್ತಿದ್ದಳು. "ಆ ಆಟೊದವನನ್ನ ನಿಲ್ಲಿಸಿ ಸದಾಶಿವಪ್ಪನವರೇ, ಬೇಗ! ಶಿಕಾರಿಪುರಕ್ಕಲ್ಲ. ಸೊರಬದ ಕಡೆ!"